ಸೊರಟೂರಿನಿಂದ ಶಿವಾಜಿಗೆ ಎಳೆದ ಗೆರೆ

ಪುಣೆಯ ವಿದ್ವಾಂಸ ರಾಮಚಂದ್ರ ಚಿಂತಾಮಣ ಢೇರೆಯವರನ್ನು ಕನ್ನಡಿಗರು ಮೆಚ್ಚುವುದು ಹೆಚ್ಚಾಗಿ ಒಂದೇ ಮಾತಿಗೆ: ಶಿವಾಜಿಯ ಭೋಸಲೆ ಮನೆತನ ಹೊಯ್ಸಳರ ಕವಲು, ಅದರ ಮೂಲಪುರುಷ ಗದಗ ಸೀಮೆಯ ಸೊರಟೂರಿನಿಂದ ಹೋದ ಬಳಿಯಪ್ಪ. ಶಿಖರ ಶಿಂಗಣಾಪುರದ ಶಂಭುಮಹಾದೇವನನ್ನು ಕುರಿತ ಅವರ ಗ್ರಂಥದಲ್ಲಿ ಅತ್ಯಂತ ದುರ್ಬಲವಾದ ಭಾಗ ಇದೇ. ನಾವು ಹೊತ್ತು ಮೆರೆಸಿದ್ದೂ ಇದನ್ನೇ.

ಹೆಸರಿನ ಹೋಲಿಕೆಯನ್ನು ಬೇಗ ಮುಗಿಸಬಹುದು. ಪೊಯ್ಸಳ ಹೊಯ್ಸಳವಾದದ್ದು ಕನ್ನಡದ ಸಹಜ ನಡೆ. ಭೋಸಲೆಯ ಭಕಾರಕ್ಕೆ ಅಂಥ ಆಧಾರವಿಲ್ಲ.

ನಿಂತು ನೋಡಬೇಕಾದದ್ದು ಕೆರೆಯನ್ನು. ಶಿವಾಜಿಯ ಅಜ್ಜ ಮಾಲೋಜಿ ಶಂಭುಮಹಾದೇವನ ಬೆಟ್ಟದಲ್ಲಿ ಕೆರೆ ಕಟ್ಟಿಸಿದನೆಂದು ಕವಿ ಪರಮಾನಂದನ ‘ಶಿವಭಾರತ’ ಹೇಳುತ್ತದೆ. ಸಾತಾರಾ ಜಿಲ್ಲೆಯ ಆ ಕ್ಷೇತ್ರದ ಐತಿಹ್ಯದಲ್ಲಿ ಬಳಿಪನೆಂಬ ಅರಸನಿದ್ದಾನೆ. ಢೇರೆ ಎರಡನ್ನೂ ಬೆಸೆಯುತ್ತಾರೆ: ಬಳಿಪನೇ ಬಳಿಯಪ್ಪ, ಕ್ಷೇತ್ರ ಅವನದು, ನಡೆದುಕೊಳ್ಳುವವರು ಭೋಸಲೆಯವರು, ಆದ್ದರಿಂದ ಇವರು ಅವನ ಸಂತತಿ. ಆ ‘ಆದ್ದರಿಂದ’ದೊಳಗೆ ಸುಮಾರು ಮುನ್ನೂರು ವರ್ಷಗಳು ಮುಚ್ಚಿಹೋಗಿವೆ. ಕೆರೆ ಮಾಲೋಜಿಯ ಭಕ್ತಿಗೆ ಸಾಕ್ಷಿ, ರಕ್ತಕ್ಕಲ್ಲ. ಶಂಭುಮಹಾದೇವನನ್ನು ಕುಲದೈವವೆಂದು ಪೂಜಿಸುವ ಮನೆಗಳು ಮಹಾರಾಷ್ಟ್ರದ ತುಂಬ ಇವೆ, ಅವರೆಲ್ಲ ಹೊಯ್ಸಳರೇ? ಭೋಸಲೆಯವರ ಕುಲದೇವಿ ತುಳಜಾಪುರದ ಭವಾನಿ. ಇದೇ ತರ್ಕ ಹಿಡಿದರೆ ಅವರ ಮೂಲ ತುಳಜಾಪುರವೂ ಆಗಬೇಕು.

ಭೋಸಲೆಯವರನ್ನು ಮೇವಾಡದ ಸಿಸೋದಿಯಾ ರಜಪೂತರಿಗೆ ಜೋಡಿಸುವ ವಂಶಾವಳಿ ಇದಕ್ಕಿಂತ ಗಟ್ಟಿಯೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು 1674ರ ಶಿವಾಜಿಯ ಪಟ್ಟಾಭಿಷೇಕಕ್ಕೆಂದೇ ಹೆಣೆದರು ಎಂಬ ಇತಿಹಾಸಕಾರ ಜದುನಾಥ ಸರ್ಕಾರರ ಮಾತನ್ನು ನಮ್ಮವರು ಸರಾಗವಾಗಿ ಉದ್ಧರಿಸುವಾಗ ಇತಿಹಾಸಕಾರ ರಾಜವಾಡೆ ಪ್ರಕಟಿಸಿದ ಜಯರಾಮ ಪಿಂಡ್ಯೆಯ ಚಂಪೂವನ್ನು ಮರೆಯುತ್ತಾರೆ. ಬೆಂಗಳೂರಿನಲ್ಲಿ ನೆಲೆಸಿದ್ದ ಶಿವಾಜಿಯ ತಂದೆ ಶಹಾಜಿಯ ಆಶ್ರಿತನಾದ ಆ ಕವಿ ಪಟ್ಟಾಭಿಷೇಕಕ್ಕೆ ಮೊದಲೇ ತನ್ನ ಒಡೆಯನನ್ನು ಸಿಸೋದಿಯಾ ಎಂದಿದ್ದ. ಎದುರಾಳಿಯ ವಂಶಾವಳಿಗೆ ಒಂದು ಅಳತೆ, ನಮ್ಮದಕ್ಕೆ ಇನ್ನೊಂದು ಅಳತೆ ಇಟ್ಟುಕೊಂಡವರನ್ನು ವಿಮರ್ಶಕರೆನ್ನಲು ನನಗೆ ಮನಸ್ಸಿಲ್ಲ. 2021ರ ಜನವರಿಯಲ್ಲಿ ಗಡಿವಿವಾದದ ಬಿಸಿಯಲ್ಲಿ ಕರ್ನಾಟಕದ ಆಗಿನ ಉಪಮುಖ್ಯಮಂತ್ರಿ ಗೋವಿಂದ ಕಾರಜೋಳರು ಸೊರಟೂರಿನ ಕಥೆಯನ್ನು ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ಉದ್ಧವ ಠಾಕ್ರೆಯವರಿಗೆ ಉತ್ತರವಾಗಿ ಎಸೆದರು. ಶಿವಾಜಿ ಆ ವಂಶದ ನಾಲ್ಕನೆಯ ತಲೆಮಾರು ಎಂದರು. ಶಿವಾಜಿ, ಶಹಾಜಿ, ಮಾಲೋಜಿ, ಬಾಬಾಜಿ: ನಾಲ್ಕು ಇಲ್ಲಿಗೇ ಮುಗಿದವು. ಬಳಿಯಪ್ಪನ ಕಾಲ ಇನ್ನೂ ಶತಮಾನಗಳಷ್ಟು ಹಿಂದಿದೆ. ಆ ಲೆಕ್ಕವನ್ನು ನಮ್ಮ ಎಷ್ಟು ಪತ್ರಿಕೆಗಳು ಪ್ರಶ್ನಿಸಿದವು?

ಢೇರೆಯವರ ನಿಜವಾದ ಸಾಧನೆ ಬೇರೆಡೆ ಇದೆ. ದನಗಾಹಿಗಳು ತಮ್ಮ ದೇವರನ್ನು ಹೊತ್ತು ಕನ್ನಡ ನೆಲದಿಂದ ಶಿಂಗಣಾಪುರವಿರುವ ಮಾಣದೇಶದ ಒಣಬೆಟ್ಟಗಳವರೆಗೆ ನಡೆದ ದಾರಿಯನ್ನು ಅವರು ಅಪಾರ ಶ್ರದ್ಧೆಯಿಂದ ಹುಡುಕಿದ್ದಾರೆ. ವಿಠ್ಠಲನ ಕುರಿತ ಅವರ ಮಹಾಗ್ರಂಥದಲ್ಲೂ ಇದೇ ಹುಡುಕಾಟ. ಆ ದಾರಿಯಲ್ಲಿ ಹೆಸರಿಲ್ಲದ ಸಾವಿರಾರು ಜನ ನಡೆದಿದ್ದಾರೆ. ಒಬ್ಬ ನಾಯಕನ ಸಂತತಿಯೆಂದು ತೋರಿಸಿದರೆ ಮಾತ್ರ ಅವರಿಗೆ ಬೆಲೆಯೆಂಬಂತೆ ನಾವು ಆ ಪುಟಗಳನ್ನು ದಾಟಿ ವಂಶಾವಳಿಗೆ ಓಡಿದೆವು. ಪಶುಪಾಲಕ ಹಟ್ಟಿಕಾರರನ್ನು ಹಿಡಿದು ಮಹಾರಾಷ್ಟ್ರದ ಮೂಲ ಅರಸಿದ ನಮ್ಮ ಸಂಶೋಧಕ ಶಂಬಾ ಜೋಶಿಯವರ ಪಕ್ಕದಲ್ಲಿಟ್ಟು ಢೇರೆಯವರನ್ನು ಓದುವ ಕೆಲಸವಾದರೂ ಕನ್ನಡದಲ್ಲಿ ನಡೆಯಬೇಕು.