ಕುಂಕುಮ, ಕೂದಲು, ರಸ್ತೆಗುಂಡಿ: ಬೆಂಗಳೂರಿನ ಸಮಕಾಲೀನ ಕಲೆಯ ಸಾಮಗ್ರಿ

ಬೆಂಗಳೂರಿನ ಸಮಕಾಲೀನ ಕಲೆಯ ಚರ್ಚೆ ಬಹುಮಟ್ಟಿಗೆ ಕಟ್ಟಡಗಳಿಂದಲೇ ಆರಂಭವಾಗುತ್ತದೆ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, 2023ರಲ್ಲಿ ಬಾಗಿಲು ತೆರೆದ 'ಮ್ಯಾಪ್' ಎಂಬ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಇವನ್ನು ಸಾಲಾಗಿ ಹೆಸರಿಸಿದರೆ ನಗರದ ಕಲಾಜೀವನ ಬೆಳೆದು ಬಂದ ದಾರಿ ಸಿಕ್ಕಂತೆ ತೋರುತ್ತದೆ. ಆದರೆ ಕಳೆದ ಮೂರು ದಶಕಗಳಲ್ಲಿ ಇಲ್ಲಿ ಹುಟ್ಟಿದ ಗಟ್ಟಿ ಕೃತಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಅವುಗಳ ಪ್ರೇರಣೆ ಈ ಗೋಡೆಗಳ ಒಳಗಿಂದ ಬಂದದ್ದಲ್ಲ, ಗ್ರಂಧಿಗೆ ಅಂಗಡಿ, ಲಾರಿ ನಿಲ್ದಾಣ, ಕಿತ್ತುಹೋದ ಡಾಂಬರು ರಸ್ತೆಗಳಿಂದ ಬಂದದ್ದು ಎಂಬುದು ಸ್ಪಷ್ಟವಾಗುತ್ತದೆ.

ಈ ಮಾತಿಗೆ ಶೀಲಾ ಗೌಡ ಅವರ ಕೃತಿಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿ, ಆರ್.ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆಯಲ್ಲಿಯೂ ಅನಂತರ ಶಾಂತಿನಿಕೇತನ ಹಾಗೂ ಲಂಡನ್ನಿನಲ್ಲಿಯೂ ಕಲಿತ ಈ ಕಲಾವಿದೆ ತೈಲವರ್ಣದ ಚಿತ್ರಗಳಿಂದ ಆರಂಭಿಸಿ, 1990ರ ದಶಕದ ಮೊದಲ ವರ್ಷಗಳಲ್ಲಿ ಸಗಣಿಯ ಕಡೆಗೆ, ಅಲ್ಲಿಂದ ಕುಂಕುಮ, ದಾರ, ಸೂಜಿಗಳ ಕಡೆಗೆ ಹೊರಳಿದರು. ಚೌಕಟ್ಟು, ಪೀಠಗಳ ಹಂಗಿಲ್ಲದೆ ವಸ್ತುಗಳನ್ನು ಒಂದು ಜಾಗದಲ್ಲಿ ಹೂಡಿ, ನೋಡುಗರು ಅವುಗಳ ನಡುವೆ ಓಡಾಡುವಂತೆ ಮಾಡುವ ಕಲೆಯನ್ನು ಪ್ರತಿಷ್ಠಾಪನ ಕಲೆ ಎನ್ನುತ್ತಾರೆ; 'ನನ್ನ ನೋವನ್ನು ಅವನಿಗೆ ತಿಳಿಸು' ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು ಹೊತ್ತ 1998ರ ಕೃತಿ ಆ ಬಗೆಯದು. ಒಂದೊಂದು ಸೂಜಿಯ ಕಣ್ಣಿನೊಳಗಿಂದ ಬಹು ಉದ್ದದ ದಾರವನ್ನು ಎಳೆದು, ಎಳೆಗಳನ್ನೆಲ್ಲ ಒಟ್ಟುಗೂಡಿಸಿ, ಕುಂಕುಮ ಮತ್ತು ಅಂಟಿನಿಂದ ಬಿಗಿದು ಹಗ್ಗವಾಗಿಸಿದ ಈ ಕೃತಿ ಗೋಡೆಯ ಮೇಲೆ ಏರಿಳಿದು, ನೆಲದ ಮೇಲೆ ಸುತ್ತಿಕೊಂಡು ಮಲಗುತ್ತದೆ. ಹಗ್ಗದ ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ಜೋತುಬಿದ್ದಿರುತ್ತವೆ. ದೂರದಿಂದ ಕೆಂಪು ಗೆರೆಯಂತೆ, ಸ್ವಲ್ಪ ಹತ್ತಿರದಿಂದ ಕರುಳಬಳ್ಳಿಯಂತೆ ಕಾಣುವುದು, ತೀರ ಸಮೀಪಕ್ಕೆ ಹೋದಾಗ ಹೊಲಿಗೆಯ ಕೆಲಸವೆಂದು ತಿಳಿಯುತ್ತದೆ. ಇಷ್ಟು ದಾರವನ್ನು ಸೂಜಿಯಿಂದ ಎಳೆಯಲು ಎಷ್ಟು ಹೊತ್ತು ಹಿಡಿದೀತು ಎಂಬ ಲೆಕ್ಕಾಚಾರ ನೋಡುಗರ ಮನಸ್ಸಿನಲ್ಲಿ ತಾನಾಗಿ ಶುರುವಾಗುತ್ತದೆ, ಮತ್ತು ಕೃತಿಯ ನೋವು ಇರುವುದು ಆ ಲೆಕ್ಕದಲ್ಲಿಯೇ ಹೊರತು ಕೆಂಪು ಬಣ್ಣದಲ್ಲಿ ಅಲ್ಲ. ಕೆಂಪನ್ನು ಕಂಡೊಡನೆ ರಕ್ತ, ಹಿಂಸೆ, ಸ್ತ್ರೀತ್ವ ಎಂದು ಪಟ್ಟಿ ಮಾಡುವ ವ್ಯಾಖ್ಯಾನಗಳು ತಪ್ಪಲ್ಲವಾದರೂ ಅವಸರದವು. ದಿನವೂ ಹಣೆಗೆ, ಹೊಸ್ತಿಲಿಗೆ ಹತ್ತುವ ಪುಡಿಯೊಂದು ಅಂಟಿನ ಜೊತೆ ಕಲೆತು ಗಟ್ಟಿ ಹುರಿಯಾಗುವಾಗ ಅದರ ಮಂಗಳಾರ್ಥ ಅಳಿಯುವುದಿಲ್ಲ, ಆದರೆ ನೆಮ್ಮದಿಯನ್ನೂ ಕೊಡುವುದಿಲ್ಲ.

ಇದೇ ಗುಣ 2009ರ ವೆನಿಸ್ ಬಿನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ, ಪ್ರದರ್ಶಿತವಾದ 'ಬಿಹೋಲ್ಡ್' ಕೃತಿಯಲ್ಲಿ ಇನ್ನೂ ವಿಸ್ತಾರವಾಗಿ ಬಂದಿದೆ. ದೃಷ್ಟಿ ತಾಗದಿರಲೆಂದು, ಅಪಘಾತವಾಗದಿರಲೆಂದು ಚಾಲಕರು ವಾಹನದ ಬಂಪರಿಗೆ ಕಟ್ಟುವ ಕೂದಲ ಹಗ್ಗವೇ ಇದರ ಮೂಲ. ದೇವಸ್ಥಾನಗಳಲ್ಲಿ ಭಕ್ತರು ಕೊಟ್ಟ ಮುಡಿಯಲ್ಲಿ ಉದ್ದನೆಯದು ಚೌರಿಯ ವ್ಯಾಪಾರಕ್ಕೆ ಹೋದರೆ, ಬೇಡಿಕೆಯಿಲ್ಲದ ಗಿಡ್ಡ ಕೂದಲು ಇಂಥ ಹಗ್ಗವಾಗಿ ಹೆಣೆದುಕೊಳ್ಳುತ್ತದೆ. ಅಂಥ ಸುಮಾರು 4 ಕಿಲೋಮೀಟರ್ ಹಗ್ಗವೂ ಹೊಳೆಯುವ ಉಕ್ಕಿನ ಬಂಪರುಗಳೂ ಈ ಕೃತಿಯಲ್ಲಿವೆ. ಬಂಪರುಗಳ ಭಾರವನ್ನು ಕೂದಲೇ ಹೊತ್ತಿದೆ. ರಸ್ತೆಯಲ್ಲಿ ಬಂಪರು ಹಗ್ಗವನ್ನು ಹೊತ್ತು ಓಡಿದರೆ ಇಲ್ಲಿ ಹಗ್ಗ ಬಂಪರನ್ನು ಹೊರುತ್ತದೆ ಎಂಬ ಒಂದೇ ಒಂದು ತಿರುವಿನಲ್ಲಿ ಹರಕೆ, ಭಯ, ಯಂತ್ರದ ವೇಗ, ಗಿಡ್ಡ ಕೂದಲು ಕೊಟ್ಟವರ ಬಡತನ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಕಲಾವಿದೆ ನಂಬಿಕೆಯನ್ನು ಗೇಲಿ ಮಾಡುವುದಿಲ್ಲ, ಎತ್ತಿ ಮೆರೆಸುವುದೂ ಇಲ್ಲ. ಈ ಸಂಯಮವೇ ಅವರ ದೊಡ್ಡ ಶಕ್ತಿ.

ಸಂಯಮದ ಮಾತು ಬಂದಾಗ ಅದಕ್ಕೆ ವಿರುದ್ಧ ಜಾಡಿನಲ್ಲಿ ನಡೆದ ಬಾದಲ್ ನಂಜುಂಡಸ್ವಾಮಿ ಅವರನ್ನು ನೆನೆಯಬೇಕಾಗುತ್ತದೆ. ಮೈಸೂರಿನಲ್ಲಿ ಕಲಿತು ಬೆಂಗಳೂರಿನ ಬೀದಿಯನ್ನೇ ಕ್ಯಾನ್ವಾಸ್ ಮಾಡಿಕೊಂಡ ಇವರು 2015ರಲ್ಲಿ ಸುಲ್ತಾನ್‌ಪಾಳ್ಯದ ನೀರು ತುಂಬಿದ ರಸ್ತೆಗುಂಡಿಯಲ್ಲಿ ಆಳೆತ್ತರವನ್ನೂ ಮೀರಿದ ಮೊಸಳೆಯ ಪ್ರತಿಕೃತಿಯನ್ನು ಬಿಟ್ಟರು. 2019ರಲ್ಲಿ ಚಂದ್ರಯಾನ-2ರ ಸುದ್ದಿ ಎಲ್ಲೆಡೆ ಹರಡಿದ್ದಾಗ ಗಗನಯಾತ್ರಿಯ ಉಡುಪು ತೊಟ್ಟ ನಟನೊಬ್ಬನನ್ನು ಹೇರೋಹಳ್ಳಿ ಕಡೆಯ ಗುಂಡಿಬಿದ್ದ ರಸ್ತೆಯಲ್ಲಿ ನಡೆಸಿ ಚಿತ್ರೀಕರಿಸಿದರು. ಚಂದ್ರನ ಮೇಲ್ಮೈ ಎಂದು ನಂಬುವಷ್ಟರಲ್ಲಿ ಪಕ್ಕದಲ್ಲಿ ಆಟೊ ಹಾದುಹೋಗುತ್ತದೆ. ಮೊಸಳೆಯೂ ಚಂದ್ರನಡಿಗೆಯೂ ಪಾಲಿಕೆಯವರನ್ನು ದುರಸ್ತಿಗೆ ಓಡಿಸಿದವು, ಗುಂಡಿ ಮುಚ್ಚಿದ ದಿನವೇ ಕೃತಿಯೂ ಮುಗಿಯಿತು. ಗುಂಡಿಯ ಜೊತೆಗೇ ಸಾಯಲು ಒಪ್ಪಿದ ಕಲೆ ಎಂಬ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ ಆದರೂ, ಒಮ್ಮೆ ನಕ್ಕ ಮೇಲೆ ಮತ್ತೆ ನೋಡಲು ಅಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಕೂದಲ ಹಗ್ಗದ ಮುಂದೆ ಎರಡನೆಯ ಸಲ ನಿಂತವರಿಗೆ ಹೊಸತೊಂದು ಸಿಗುತ್ತದೆ, ಮೊಸಳೆಯ ಮುಂದೆ ಸಿಗುವುದಿಲ್ಲ.

ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡಗೂಡಿ 2000ದಿಂದ 2004ರವರೆಗೆ ಮಾಡಿದ, ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಛಾಯಾಚಿತ್ರ ಸರಣಿಯ ಕಚ್ಚಾ ಸಾಮಗ್ರಿ ವಸ್ತುವಲ್ಲ, ಜನಮನದಲ್ಲಿ ಕುಳಿತ ಚಿತ್ರಗಳು. ರವಿವರ್ಮನ ಲಕ್ಷ್ಮಿಯಾಗಿಯೂ, ಪೊಲೀಸರ ಕೈಗೆ ಸಿಕ್ಕ ಕಳ್ಳಿಯಾಗಿಯೂ ಕಲಾವಿದೆಯೇ ವೇಷ ಕಟ್ಟಿ ನಿಲ್ಲುವ ಈ ಕ್ರಮವನ್ನು ಛಾಯಾಚಿತ್ರಾಭಿನಯ ಎನ್ನಬಹುದು. ಕ್ಯಾಲೆಂಡರಿನ ದೇವಿಯನ್ನೂ ಠಾಣೆಯ ಆರೋಪಿಯನ್ನೂ ಒಂದೇ ಮುಖದಲ್ಲಿ ಕಾಣುವ ಇರಿಸುಮುರುಸೇ ಇಲ್ಲಿನ ವಿಮರ್ಶೆ.

ಇಂಥ ಕೆಲಸಗಳಿಗೆ ನಗರ ಕೊಟ್ಟ ನೆಲೆ ಸಣ್ಣದು. ಶಾಂತಿನಗರದಲ್ಲಿ ಸುರೇಶ್ ಜಯರಾಮ್ ಅವರು ಬಾದಾಮಿ ಮರವೊಂದರ ಸುತ್ತ ಕಟ್ಟಿದ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟ 'ನಂ. 1, ಶಾಂತಿ ರಸ್ತೆ', ದೊಡ್ಡ ಸಂಸ್ಥೆಗಳು ಕೊಡಲಾರದ್ದನ್ನು, ಅಂದರೆ ಅರೆಬೆಂದ ಕೃತಿಯನ್ನು ನಾಲ್ಕು ಜನರ ಮುಂದಿಟ್ಟು ಮಾತನಾಡುವ ಸಲುಗೆಯನ್ನು, ಕೊಟ್ಟಿತು. ವೆಂಕಟಪ್ಪ ಚಿತ್ರಶಾಲೆಯ ನಿರ್ವಹಣೆಯಲ್ಲಿ ಖಾಸಗಿಯವರನ್ನು ತೊಡಗಿಸುವ ಪ್ರಸ್ತಾವ ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಕಡಿಮೆ ಬಾಡಿಗೆಗೆ ಗೋಡೆ ಸಿಗುವ ಸಾರ್ವಜನಿಕ ತಾಣವೊಂದು ಕೈತಪ್ಪುವ ಆತಂಕ ಅದರ ಹಿಂದಿತ್ತು. ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಇಕ್ಕೆಲಗಳನ್ನು ತುಂಬುವ ಚಿತ್ರಸಂತೆಯಂತೂ ಬೇರೆಯೇ ಲೋಕ. ಸಾವಿರಕ್ಕೂ ಹೆಚ್ಚು ಕಲಾವಿದರು ಸೇರುವ ಈ ಸಂತೆ ಚಿತ್ರವನ್ನು ತೆಂಗಿನಕಾಯಿಯಂತೆ ಚೌಕಾಸಿ ಮಾಡಿ ಕೊಳ್ಳಬಹುದೆಂಬ ಧೈರ್ಯವನ್ನು ಮಧ್ಯಮವರ್ಗಕ್ಕೆ ಕೊಟ್ಟಿತು. ಬುದ್ಧನ ಮುಖ, ಗಣಪತಿ, ಓಡುವ ಕುದುರೆಗಳು ವರ್ಷವರ್ಷವೂ ಮರಳಿ ಬರುತ್ತವೆ. ಸಂತೆ ಕೊಳ್ಳುವವರನ್ನು ಬೆಳೆಸಿದೆ, ನೋಡುವವರನ್ನು ಅಷ್ಟಾಗಿ ಬೆಳೆಸಿಲ್ಲ.

ನೋಡುವವರು ಬೆಳೆಯದಿರುವುದಕ್ಕೆ ಭಾಷೆಯೂ ಒಂದು ಕಾರಣ. ಮುಡಿ, ಹರಕೆ, ದೃಷ್ಟಿ, ಕುಂಕುಮ ಎಂಬ ಮಾತುಗಳಿಂದ ಹುಟ್ಟಿದ ಕೃತಿಗಳ ವ್ಯಾಖ್ಯಾನ ಬಹುತೇಕ ಇಂಗ್ಲಿಷಿನಲ್ಲಿ ನಡೆದಿದೆ. ರವಿಕುಮಾರ್ ಕಾಶಿ, ಎಚ್.ಎ. ಅನಿಲ್ ಕುಮಾರ್ ಅವರಂಥವರು ಕನ್ನಡದಲ್ಲಿ ಕಲೆಯ ಕುರಿತು ಬರೆಯುತ್ತ ಬಂದಿದ್ದಾರಾದರೂ ಆ ಸಾಲು ಉದ್ದವಾಗಿಲ್ಲ. ಬಂಪರಿಗೆ ಹಗ್ಗ ಕಟ್ಟುವ ಚಾಲಕ ಚಿತ್ರಶಾಲೆಗೆ ಬಂದರೆ ಕೃತಿಯ ಅರ್ಧ ಅರ್ಥ ಅವನಿಗೆ ಮೊದಲೇ ಗೊತ್ತಿರುತ್ತದೆ. ಉಳಿದರ್ಧಕ್ಕಾಗಿ ಪಕ್ಕದ ಗೋಡೆಯ ಮೇಲೆ ಕನ್ನಡದ ನಾಲ್ಕು ಸಾಲು ಬರೆಸಿ ಹಾಕುವ ಕೆಲಸವನ್ನು ಈ ನಗರದ ಕಲಾಸಂಸ್ಥೆಗಳು ಇನ್ನಾದರೂ ಮನಸ್ಸಿಟ್ಟು ಮಾಡಲಿ.