ಗಡಿಯಾರ ಬಂತು, ಊರು ಬರಲಿಲ್ಲ

ದೂರದ ಸೈಕಲ್ ಸವಾರಿಗೆಂದು ಮನುಷ್ಯರು ಮಾಡಿಕೊಂಡ ಕಟ್ಟಳೆಗಳಲ್ಲಿ ಗೊತ್ತಾದ ಅವಧಿಯೊಳಗೆ ದೂರ ಮುಗಿಸುವ ಬ್ರೆವೆಯ ಕಟ್ಟಳೆಯಷ್ಟು ಮನುಷ್ಯರ ಅಳತೆಗೆ ಒಪ್ಪುವಂಥದ್ದು ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 300ಕ್ಕೆ 20, 400ಕ್ಕೆ 27, 600ಕ್ಕೆ 40 ತಾಸು. ಊಟ, ನಿದ್ದೆ, ಪಂಕ್ಚರ್, ಚಹಾ ಎಲ್ಲವೂ ಅದರೊಳಗೇ ಆಗಬೇಕು. ತಾಸಿಗೆ ಸರಾಸರಿ 15 ಕಿ.ಮೀ. ಸಾಗಿದರೆ ಸಾಕು. ತೀರಾ ಬೇಗ ಬಂದವರಿಗೂ ಅಲ್ಲಿ ಮನ್ನಣೆಯಿಲ್ಲ. 200ನ್ನು 5 ಗಂಟೆ 53 ನಿಮಿಷಕ್ಕಿಂತ ಮೊದಲೇ ಮುಗಿಸಿದವರು ಕೊನೆಯ ಕಂಟ್ರೋಲ್, ಅಂದರೆ ಮುದ್ರೆ ಹಾಕುವ ಠಾಣೆ, ತೆರೆಯುವವರೆಗೆ ಕಾಯಬೇಕು. ಹಿಂದೆ ಕಾರು ಕರೆದುಕೊಂಡು ಬಂದು ದಾರಿಯಲ್ಲಿ ನೀರು, ಹಣ್ಣು ಇಸಿದುಕೊಳ್ಳುವಂತಿಲ್ಲ. ಮುಗಿಸಿದವರ ಪಟ್ಟಿಯಲ್ಲಿ ಮೊದಲನೆಯವರು, ಕೊನೆಯವರು ಎಂಬ ಸ್ಥಾನಗಳಿಲ್ಲ. ಐವತ್ತು ದಾಟಿದ ಶಾಲಾ ಮಾಸ್ತರರೂ ಇಪ್ಪತ್ತೈದರ ಎಂಜಿನಿಯರರೂ ಒಂದೇ ಬಗೆಯ ಕಾರ್ಡಿನಲ್ಲಿ ಒಂದೇ ಬಗೆಯ ಮುದ್ರೆ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಎಲ್ಲದರಲ್ಲೂ ರ‍್ಯಾಂಕ್ ಎಣಿಸುವ ನಮ್ಮ ಕಾಲದಲ್ಲಿ ಇದು ದೊಡ್ಡ ಮಾತು.

ಈ ಪದ್ಧತಿ ಫ್ರಾನ್ಸಿನದು. ಪ್ಯಾರಿಸ್ಸಿನಿಂದ ಬ್ರೆಸ್ಟ್ ಬಂದರಿಗೆ ಹೋಗಿ ಮರಳಿ ಬರುವ ಸುಮಾರು 1200 ಕಿ.ಮೀ.ಗಳ ಓಟ ಮೊದಲು ನಡೆದದ್ದು 1891ರಲ್ಲಿ. ಆಗ ಅದು ಪಂದ್ಯವೇ ಆಗಿತ್ತು. ಶಾರ್ಲ್ ತೆರೋಂ ಎಂಬಾತ ಮೂರು ದಿನದೊಳಗೆ ಮುಗಿಸಿ ಗೆದ್ದ. 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಮುಂದೆ ಸಾಮಾನ್ಯ ಸವಾರರಿಗಾಗಿ ಬ್ರೆವೆಗಳನ್ನು ರೂಪಿಸಿತು. ಇಂದು ಜಗತ್ತಿನ ಎಲ್ಲೆಡೆ ನಡೆಯುವ ಬ್ರೆವೆಗಳಿಗೆ ಅಂತಿಮ ಮಾನ್ಯತೆ ಕೊಡುವುದೂ ಅದೇ ಸಂಸ್ಥೆ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಗರಿಷ್ಠ ಅವಧಿ 90 ತಾಸು. ಹಿಂದಿನ ಸರದಿ 2023ರಲ್ಲಿ ಆಯಿತು, ಅದರಲ್ಲಿ ಭಾರತದಿಂದಲೂ ದೊಡ್ಡ ತಂಡ ಹೋಗಿತ್ತು.

ಹೋಗಿ ಬಂದವರು ಊರಿಗೆ ಮರಳಿದ ಮೇಲೆ ಹೆಚ್ಚು ಮಾತಾಡುವುದು ಏರು, ಚಳಿ, ನಿದ್ದೆಗೇಡಿಗಿಂತಲೂ ದಾರಿಯಲ್ಲಿ ಸಿಗುವ ಬ್ರಿಟನಿ ಪ್ರಾಂತ್ಯದ ಹಳ್ಳಿಗಳ ಬಗ್ಗೆ. ಅಲ್ಲಿಯ ಜನ ಮನೆಯ ಮುಂದೆ ಮೇಜು ಹಾಕಿ, ರಾತ್ರಿಯೆಲ್ಲ ಎಚ್ಚರವಿದ್ದು, ಹಾಯುವವರಿಗೆ ಕಾಫಿ, ಬ್ರೆಡ್ಡು, ನೀರು ಕೊಡುತ್ತಾರೆ. ಮಕ್ಕಳು ದಾರಿಯ ಬದಿ ನಿಂತು ಕೈ ಚಾಚಿ ಸವಾರರ ಅಂಗೈಗೆ ತಟ್ಟುತ್ತಾರೆ. ಆ ದಾರಿ ಬಹುಪಾಲು ಸಣ್ಣ ರಸ್ತೆಗಳದು. ಊರೊಳಗೆ ಹೊಕ್ಕು ಊರೊಳಗಿಂದಲೇ ಹೊರಡುತ್ತದೆ. ಗಡಿಯಾರ ಎಷ್ಟು ಕಟ್ಟುನಿಟ್ಟೋ ಊರು ಅಷ್ಟೇ ಮುಖ್ಯ. ಇವೆರಡು ಕೂಡಿದ್ದರಿಂದಲೇ ಅದು ಇಷ್ಟು ಕಾಲ ಬಾಳಿದೆ.

ನಮ್ಮಲ್ಲಿ ಆಡಾಕ್ಸ್ ಇಂಡಿಯಾದ ಅಡಿಯಲ್ಲಿ ಬ್ರೆವೆಗಳು ನಡೆಯುತ್ತವೆ. ಬೆಂಗಳೂರು ಮೊದಲಿನಿಂದಲೂ ಮುಂದೆ. ನಮ್ಮ ಕೊಪ್ಪಳದ ಕಡೆಯವರಿಗೆ ಹತ್ತಿರವಾದದ್ದು ಹುಬ್ಬಳ್ಳಿ; ಅಲ್ಲಿಯ ಬೈಸಿಕಲ್ ಕ್ಲಬ್ ಈ ಭಾಗದಲ್ಲಿ ದೂರದ ಸವಾರಿಯ ರುಚಿ ಹಚ್ಚಿತು. ವೈದ್ಯರು, ಬ್ಯಾಂಕಿನವರು, ಅಂಗಡಿ ಇಟ್ಟವರು ನಸುಕಿಗೆ ಎದ್ದು ಹೊರಟು, ಸೂರ್ಯ ಮುಳುಗುವ ಹೊತ್ತಿಗೆ ಮನೆ ಸೇರುವುದನ್ನು ಕಲಿತರು. ಇದರ ಋಣ ನನ್ನ ಮೇಲೂ ಇದೆ. 150 ಕಿ.ಮೀ. ದಾಟಿದ ಮೇಲೆ ಬೆರಳು ಜೋಮು ಹಿಡಿಯುತ್ತವೆ, ಸಿಹಿ ಕಂಡರೆ ಹೊಟ್ಟೆ ತೊಳೆಸುತ್ತದೆ, ಉಪ್ಪು ಹಾಕಿದ ಮಜ್ಜಿಗೆ ಒಂದೇ ಬೇಕೆನಿಸುತ್ತದೆ. ಆ ಹೊತ್ತಿನಲ್ಲೂ ಕಾಲು ತಮ್ಮಷ್ಟಕ್ಕೆ ತಿರುಗುತ್ತಿರುತ್ತವೆ. ನನ್ನ ದೇಹ ಇಷ್ಟು ತಾಳುತ್ತದೆಂದು ಈ ಪದ್ಧತಿ ತೋರಿಸಿರದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಇಷ್ಟು ಪ್ರೀತಿಯಿದ್ದುದರಿಂದಲೇ ಒಂದು ಮಾತು ಹೇಳಬೇಕು. ಬ್ರೆವೆಯನ್ನು ನಾವು ಅರ್ಧ ಮಾತ್ರ ತಂದುಕೊಂಡಿದ್ದೇವೆ. ತಾಸು, ನಿಮಿಷ, ಕಾರ್ಡು, ಪದಕ ಬಂದವು. ಊರು ಬರಲಿಲ್ಲ.

ನಮ್ಮ ಬ್ರೆವೆಗಳು ಬಹುಪಾಲು ನಾಲ್ಕು ಪಥದ ಹೆದ್ದಾರಿಯಲ್ಲೇ ಓಡುತ್ತವೆ. ಕೊಪ್ಪಳ ಜಿಲ್ಲೆಯನ್ನು ಇಂಥ ಎರಡು ಹೆದ್ದಾರಿಗಳು ಸೀಳಿಕೊಂಡು ಹೋಗಿವೆ: ಗದಗಿನಿಂದ ಕೊಪ್ಪಳದ ಮೇಲೆ ಹೊಸಪೇಟೆಗೆ ಹೋಗುವ 67, ಹೊಸಪೇಟೆಯಿಂದ ಕುಷ್ಟಗಿಯ ಮೇಲೆ ವಿಜಯಪುರಕ್ಕೆ ಹೋಗುವ 50. ಈ ದಾರಿ ಹಿಡಿದವರಿಗೆ ಕೊಪ್ಪಳ ಅಂದರೆ ಒಂದು ಮೇಲ್ಸೇತುವೆ, ಕುಷ್ಟಗಿ ಅಂದರೆ ಒಂದು ಹಸಿರು ಫಲಕ. ಯಲಬುರ್ಗಾ, ಗಂಗಾವತಿಗಳಂತೂ ದಾರಿಗೇ ಬರುವುದಿಲ್ಲ. ಆಯೋಜಕರ ಮನುಷ್ಯರಿಲ್ಲದ ಕಂಟ್ರೋಲಿನಲ್ಲಿ ಎಟಿಎಂ ಚೀಟಿಯನ್ನೋ ಪೆಟ್ರೋಲ್ ಬಂಕಿನ ಮುಂದೆ ನಿಂತು ತೆಗೆದ ಫೋಟೊವನ್ನೋ ಸಾಕ್ಷಿಗೆ ಕೊಡುವುದು ರೂಢಿ. ಆ ಚೀಟಿಯಲ್ಲಿ ಸಮಯ, ಸ್ಥಳ ಎರಡೂ ಇರುತ್ತವೆ. ಲೆಕ್ಕಕ್ಕೆ ಅಷ್ಟು ಸಾಕು. ಆದರೆ 300 ಕಿ.ಮೀ. ತುಳಿದವರು ದಾರಿಯುದ್ದಕ್ಕೂ ಒಬ್ಬರನ್ನೂ ಮಾತಾಡಿಸದೆ ಮುಗಿಸುವುದಕ್ಕೆ ಆ ಚೀಟಿ ಅವಕಾಶ ಕೊಟ್ಟುಬಿಡುತ್ತದೆ.

ಆಯೋಜಕರಿಗೆ ಹೆದ್ದಾರಿ ಯಾಕೆ ಬೇಕು ಎಂಬುದು ನನಗೆ ಅರ್ಥವಾಗುತ್ತದೆ. ಅಂಚಿನಲ್ಲಿ ಅಗಲವಾದ ಜಾಗವಿದೆ, ದಾರಿ ತಪ್ಪುವ ಭಯವಿಲ್ಲ, ಮೊಬೈಲಿಗೆ ಸಿಗ್ನಲ್ ಸಿಗುತ್ತದೆ, ನಡುರಾತ್ರಿಯಲ್ಲೂ ಢಾಬಾ ತೆರೆದಿರುತ್ತದೆ. ಒಳದಾರಿಯಲ್ಲಿ ಕಷ್ಟಗಳು ನಿಜವೇ. ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಶಿ ಹಾಕಿರುತ್ತಾರೆ. ನೆಗ್ಗಿಲ ಮುಳ್ಳು, ಬಳ್ಳಾರಿ ಜಾಲಿಯ ಮುಳ್ಳು ತೆಳು ಟೈರಿಗೆ ಆಗುವುದಿಲ್ಲ. ಮಳೆ ಬಂದರೆ ಎರೆಮಣ್ಣು ಚಕ್ರಕ್ಕೂ ಬ್ರೇಕಿಗೂ ನಡುವೆ ಮೆತ್ತಿಕೊಂಡು ಸೈಕಲನ್ನೇ ಹೆಗಲ ಮೇಲೆ ಹೊರಬೇಕಾಗುತ್ತದೆ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ರಾತ್ರಿ ಎದುರಾಗುತ್ತವೆ. ಹಾಗೆಂದು ಹೆದ್ದಾರಿಯೂ ಕ್ಷೇಮವಲ್ಲ. ಅಲ್ಲಿಯೂ ಅದೇ ಟ್ರ್ಯಾಕ್ಟರುಗಳು ತಪ್ಪು ದಿಕ್ಕಿನಿಂದ ಬರುತ್ತವೆ, ನಿದ್ದೆಗಣ್ಣಿನ ಲಾರಿಗಳು ಅಂಚಿಗೆ ಸರಿಯುತ್ತವೆ. 400, 600ರ ಸವಾರಿಗಳಲ್ಲಿ ರಾತ್ರಿ ತಪ್ಪಿಸಲಾಗದು. 200 ಹಾಗಲ್ಲ. ನಸುಕಿನ ಆರಕ್ಕೆ ಹೊರಟರೆ ಸಂಜೆ ಏಳೂವರೆಗೆ ಅವಧಿ ಮುಗಿಯುತ್ತದೆ, ಹೆಚ್ಚುಕಡಿಮೆ ಪೂರ್ತಿ ಹಗಲಿನ ಸವಾರಿ. ಅದನ್ನಾದರೂ ಹೆದ್ದಾರಿಯಿಂದ ಕೆಳಗಿಳಿಸಬಹುದು.

ಇಳಿಸಿದರೆ ಸಿಗುವುದೇನು? ಕೊಪ್ಪಳ ಜಿಲ್ಲೆಯ ನೆಲ ಒಂದೇ ಹಗಲಿನಲ್ಲಿ ಮೂರು ಸಲ ಬಣ್ಣ ಬದಲಿಸುತ್ತದೆ, ಸೈಕಲ್ಲಿನ ವೇಗಕ್ಕೆ ಮಾತ್ರ ಅದು ಪೂರ್ತಿ ಕಾಣಿಸುತ್ತದೆ. ಕುಕನೂರು, ಯಲಬುರ್ಗಾದ ಕಡೆ ಎರಿ ಹೊಲ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಅಲ್ಲಲ್ಲಿ ಕುಸುಬಿ. ನೆರಳೆಂಬುದಿಲ್ಲ, ಗಾಳಿಗೆ ಅಡ್ಡವೂ ಇಲ್ಲ. ಈ ಬಯಲಲ್ಲಿ ಗಾಳಿಯಂತ್ರಗಳು ನಿಂತಿರುವುದೇಕೆಂದು ತಿಳಿಯಲು ಒಮ್ಮೆ ಮುಂಗಾರಿನಲ್ಲಿ ಪಡುವಣಕ್ಕೆ ಮುಖಮಾಡಿ ತುಳಿಯಬೇಕು. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಎದುರುಗಾಳಿಯಲ್ಲಿ ತಾಸಿಗೆ 12 ಕಿ.ಮೀ. ದಾಟುವುದೂ ದುಸ್ತರ, ಬೆನ್ನಿಗೆ ಬಂತೆಂದರೆ 30ಕ್ಕೂ ಕಷ್ಟವಿಲ್ಲ. ಕುಷ್ಟಗಿ ಸಮೀಪಿಸಿದಂತೆ ಮಸಾರಿ ನೆಲ ಹೆಚ್ಚುತ್ತದೆ, ಕಲ್ಲುಗುಡ್ಡಗಳು ತಲೆ ಎತ್ತುತ್ತವೆ, ಬೋರ್‌ವೆಲ್ ನಂಬಿದ ದಾಳಿಂಬೆ ತೋಟಗಳು ಸಿಗುತ್ತವೆ. ಅಲ್ಲಿಂದ ತಾವರಗೇರಾ, ಕನಕಗಿರಿಯ ಮೇಲೆ ಗಂಗಾವತಿಗೆ ಇಳಿಯುವಾಗ ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಚರ್ಮಕ್ಕೆ. ಒಣಗಾಳಿ ಹೋಗಿ ತೇವ ತಾಗುತ್ತದೆ, ಆಮೇಲೆ ಭತ್ತದ ಗದ್ದೆ ಕಾಣಿಸುತ್ತದೆ, ಆಮೇಲೆ ರೈಸ್ ಮಿಲ್ಲಿನ ತೌಡಿನ ವಾಸನೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಈ ತಾಲ್ಲೂಕಿನ ಬಾಳನ್ನು ಹೇಗೆ ಬದಲಿಸಿತೆಂದು ಪುಸ್ತಕದಲ್ಲಿ ಓದಬಹುದು. ಒಣನೆಲದಲ್ಲಿ ನಾಲ್ಕೈದು ತಾಸು ತುಳಿದು ಬಂದು ಆ ಕಾಲುವೆ ದಾಟಿದವರಿಗೆ ಅದನ್ನು ಬೇರೆ ಯಾರೂ ಹೇಳಬೇಕಿಲ್ಲ. ಒಂದೇ ಜಿಲ್ಲೆಯಲ್ಲಿ ನೀರು ಬಂದ ಊರು, ನೀರು ಬಾರದ ಊರು ಎಂಬ ಭೇದ ಎಷ್ಟು ದೊಡ್ಡದೆಂದು ನನಗೆ ಮನದಟ್ಟಾದದ್ದು ಸೈಕಲ್ ಮೇಲೆಯೇ.

ಕುಷ್ಟಗಿಯ ಈಚೆ ಒಂದು ಚಹಾದ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ನನ್ನ ಹೆಲ್ಮೆಟ್ಟು, ಹೊಳೆಯುವ ಜಾಕೆಟ್ಟು ನೋಡಿ ಕೇಳಿದರು: “ಎಲ್ಲಿಂದ ಬಂದ್ರಿ?”

“ಹುಬ್ಬಳ್ಳಿಂದರಿ, ಕಾಕಾ.”

“ಸೈಕಲ್ ಮ್ಯಾಲ? ಎಷ್ಟ್ ರೊಕ್ಕ ಕೊಡ್ತಾರು?”

“ರೊಕ್ಕ ಏನೂ ಇಲ್ಲರಿ. ನಾವ ಕೊಟ್ಟ ಬಂದೀವಿ.”

ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: “ಹಂಗಾದ್ರ ಹರಕಿ ಏನರ ಐತೇನು?”

ಆ ಪ್ರಶ್ನೆಯಲ್ಲಿ ಪರಿಹಾಸ್ಯವಿರಲಿಲ್ಲ. ಲಾಭವಿಲ್ಲದೆ, ಗೆಲುವಿಲ್ಲದೆ ಒಬ್ಬ ಮನುಷ್ಯ ಇಷ್ಟು ದೂರ ದೇಹ ದಂಡಿಸುವುದು ಅವರಿಗೆ ಹೊಸದಲ್ಲ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಊರುಗಳಿಂದ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ, ಮಾಲೆ ಹಾಕಿದವರು ಅಂಜನಾದ್ರಿಗೆ ನಡೆದು ಬರುತ್ತಾರೆ. ಅಲ್ಲಿಯೂ ಮೊದಲು ತಲುಪಿದವರಿಗೆ ಬಹುಮಾನವಿಲ್ಲ. ಹಾದಿಯ ಊರಿನವರು ಪೆಂಡಾಲ್ ಹಾಕಿ ಅನ್ನ, ಮಜ್ಜಿಗೆ ನೀಡುತ್ತಾರೆ, ಕಾಲು ಊದಿದವರಿಗೆ ಎಣ್ಣೆ ಹಚ್ಚುತ್ತಾರೆ. ಪ್ರತಿ ಜನವರಿಯ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಬರುತ್ತದೆ. ಬ್ರಿಟನಿಯ ಹಳ್ಳಿಗರು ನಾಲ್ಕು ವರ್ಷಕ್ಕೊಮ್ಮೆ ಮಾಡುವುದನ್ನು ಇಲ್ಲಿಯವರು ವರ್ಷಾವರ್ಷ ಮಾಡುತ್ತಾರೆ. ಬ್ರೆವೆಗೆ ಬೇಕಾದ ಊರು ಇಲ್ಲಿ ಮೊದಲೇ ಇದೆ. ನಾವು ಅದರ ಬದಿಯಿಂದ ಮೇಲ್ಸೇತುವೆ ಹತ್ತಿ ಹೋಗುತ್ತಿದ್ದೇವೆ, ನನ್ನ ಆಕ್ಷೇಪ ಇಷ್ಟೇ.

ಇನ್ನೊಂದು ಕೊರತೆ ಸವಾರರದು. ಬ್ರೆವೆಯ ನಿಯಮ ಇಂಥದೇ ಸೈಕಲ್ ಬೇಕೆಂದು ಹೇಳುವುದಿಲ್ಲ, ಮನುಷ್ಯರ ಬಲದಿಂದ ನಡೆಯುವ ಯಾವ ಸೈಕಲ್ಲೂ ನಡೆಯುತ್ತದೆ. ಆದರೂ ಪ್ರಾರಂಭದ ಗೆರೆಯಲ್ಲಿ ನಿಲ್ಲುವುದು ದುಬಾರಿ ಸೈಕಲ್ಲುಗಳೇ. ನಮ್ಮ ಊರಿನ ಸಾದಾ ಸೈಕಲ್ಲಿನ ಲೆಕ್ಕ ನೋಡಿ: ಮುಂದೆ 44 ಹಲ್ಲು, ಹಿಂದೆ 18, 28 ಇಂಚಿನ ಚಕ್ರ. ಪೆಡಲ್ ಒಂದು ಸುತ್ತು ತಿರುಗಿದರೆ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತಿನಂತೆ ತುಳಿದರೆ ತಾಸಿಗೆ 19 ಕಿ.ಮೀ.ಗೂ ಹೆಚ್ಚು. ಎದುರುಗಾಳಿ ಇಲ್ಲದ ದಿನ ಹಾಲಿನ ಕ್ಯಾನು ಹೇರಿಕೊಂಡು ದಿನಾ ಪೇಟೆಗೆ ಬರುವವರು 200ನ್ನು ಹದಿಮೂರೂವರೆ ತಾಸಿನಲ್ಲಿ ಮುಗಿಸಬಲ್ಲರು. 2006–07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳ ಮೇಲೆ ಹಳ್ಳಿಯಿಂದ ಹೈಸ್ಕೂಲಿಗೆ ಹೋಗಿ ಬಂದ ಹೆಣ್ಣುಮಕ್ಕಳ ಒಂದು ಪೀಳಿಗೆಯೇ ಈ ತಾಲ್ಲೂಕುಗಳಲ್ಲಿದೆ. ಪಕ್ಕದ ಬಾಗಲಕೋಟೆ, ಅದರಾಚೆಯ ವಿಜಯಪುರ ಜಿಲ್ಲೆಗಳು ಒಕ್ಕಲು ಮನೆತನದ ಮಕ್ಕಳನ್ನು ರಾಷ್ಟ್ರಮಟ್ಟದ ಸ್ಪರ್ಧಿಗಳಾಗಿ ಬೆಳೆಸಿವೆ. ಈ ಎಲ್ಲರಲ್ಲಿ ಹೆಚ್ಚಿನವರು ಬ್ರೆವೆಗೆ ಬರುವುದಿಲ್ಲ. ಅವರಿಗೆ ನಮ್ಮ ನೋಂದಣಿ ಇಂಗ್ಲಿಷಿನಲ್ಲಿ, ಸೂಚನೆಗಳು ಇಂಗ್ಲಿಷಿನಲ್ಲಿ, ಹೊರಡುವ ಜಾಗ ದೊಡ್ಡ ನಗರದಲ್ಲಿ. ಸಮಾನತೆಯೇ ಜೀವವಾಗಿರುವ ಪದ್ಧತಿಗೆ ಇದು ಸಲ್ಲದು.

ಈ ನಡುವೆ ಒಂದು ಚಟವೂ ಬೆಳೆದಿದೆ. 200, 300, 400, 600 ನಾಲ್ಕನ್ನೂ ಒಂದೇ ಋತುವಿನಲ್ಲಿ, ಅಂದರೆ ನವೆಂಬರಿನಿಂದ ಅಕ್ಟೋಬರಿನೊಳಗೆ, ಮುಗಿಸಿದವರು ಸೂಪರ್ ರ‍್ಯಾಂಡೊನಿಯರ್ ಎನಿಸಿಕೊಳ್ಳುತ್ತಾರೆ. ಒಮ್ಮೆ ಗಳಿಸಿದರೆ ಹೆಮ್ಮೆ ಪಡಬೇಕಾದ್ದೇ. ಈಗ ವರ್ಷಕ್ಕೆ ಎಷ್ಟು ಸಲ ಎಂದು ಎಣಿಸುವುದು ಶುರುವಾಗಿದೆ. ರ‍್ಯಾಂಕ್ ಬೇಡವೆಂದು ಹುಟ್ಟಿದ ಪದ್ಧತಿಯೊಳಗೆ ರ‍್ಯಾಂಕು ಹಿಂಬಾಗಿಲಿನಿಂದ ಬಂದಿದೆ. ಎಣಿಕೆಯ ಆತುರಕ್ಕೆ ಹೆದ್ದಾರಿಯೇ ಅನುಕೂಲ. ದಾರಿಯ ಆಯ್ಕೆ, ಪದಕದ ಆಸೆ ಎರಡೂ ಒಂದನ್ನೊಂದು ಸಾಕುತ್ತಿವೆ.

ಹಾಗಾದರೆ ಕೊಪ್ಪಳದ ಬ್ರೆವೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿದೆ. ಕೊಪ್ಪಳದಿಂದ ಹೊರಟು ಭಾನಾಪುರದಲ್ಲಿ ಹೆದ್ದಾರಿ ಬಿಟ್ಟು ಇಟಗಿ, ಕುಕನೂರು, ಯಲಬುರ್ಗಾ. ಅಲ್ಲಿಂದ ಕುಷ್ಟಗಿ, ತಾವರಗೇರಾ, ಕನಕಗಿರಿ, ಗಂಗಾವತಿ. ಆನೆಗುಂದಿ, ಸಾಣಾಪುರದ ಬಂಡೆಗಳ ನಡುವೆ ಹಾದು ಹುಲಿಗಿ, ಮುನಿರಾಬಾದ್, ಮತ್ತೆ ಕೊಪ್ಪಳ. ತುಸು ಹೆಚ್ಚುಕಡಿಮೆ ಮಾಡಿದರೆ 200ಕ್ಕೆ ಹೊಂದುತ್ತದೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಇಟಗಿಯ ಗುಡಿಯ ಮುಂದೆ ಮೊದಲ ಮುದ್ರೆ ಬೀಳಲಿ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಗಾದೆ ಈ ಸೀಮೆಯದು. ಈ ದಾರಿಯಲ್ಲಿ ಕನಕಗಿರಿಯೂ ಸಿಗುತ್ತದೆ, ಆನೆಗುಂದಿಯಲ್ಲಿ ಹೊಳೆಯ ಆಚೆ ಹಂಪಿಯ ಗುಡ್ಡಗಳೂ ಕಾಣುತ್ತವೆ. ತಿಂಗಳು ಜನವರಿಯ ಕೊನೆ ಇಲ್ಲವೆ ಫೆಬ್ರವರಿಯ ಮೊದಲು, ಬಿಸಿಲು ಏರುವ ಮುನ್ನ. ಸೂಚನೆ ಕನ್ನಡದಲ್ಲಿ. ಸಾದಾ ಸೈಕಲ್ ತಂದವರಿಗೆ ಶುಲ್ಕವಿಲ್ಲ.

ಸಮಯ ಸಾಲದೆಂದು ಹೇಳುವವರಿಗೆ ಲೆಕ್ಕ ಕೊಡುತ್ತೇನೆ. ತಾಸಿಗೆ 20ರಂತೆ ತುಳಿದರೆ 200ಕ್ಕೆ ಹತ್ತು ತಾಸು. ಉಳಿದದ್ದು ಮೂರೂವರೆ. ಕುಕನೂರಿನಲ್ಲಿ ಒಗ್ಗರಣಿ-ಮಿರ್ಚಿಗೆ ಇಪ್ಪತ್ತು ನಿಮಿಷ, ಇಟಗಿಯ ಗುಡಿಗೆ ಅರ್ಧ ತಾಸು, ಕುಷ್ಟಗಿಯ ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯಕ್ಕೆ ಮುಕ್ಕಾಲು ತಾಸು, ಕನಕಗಿರಿಗೆ ಇಪ್ಪತ್ತು ನಿಮಿಷ, ಒಂದು ಪಂಕ್ಚರಿಗೆ ಹದಿನೈದು. ಇಷ್ಟಾದ ಮೇಲೂ ಒಂದು ತಾಸಿಗಿಂತ ಹೆಚ್ಚು ಉಳಿಯುತ್ತದೆ. ದಾರಿಯಲ್ಲಿ ಯಾರಾದರೂ ಯಾವೂರು, ಎಲ್ಲಿಗೆ ಹೊಂಟ್ರಿ ಎಂದು ಕೇಳಿದರೆ ಇಳಿದು ನಿಂತು ಮಾತಾಡುವುದಕ್ಕೆ ಅಷ್ಟು ಸಾಲುತ್ತದೆ.