ಮಣ್ಣು ಕೊಡುವ ಕ್ರಮ, ಅಳುವ ಕ್ರಮ

ತೆಲಿಗಿ, ಕೊಟ್ಟೂರು, ಹಡಗಲಿ ಸೀಮೆಯಲ್ಲಿ ಶವಸಂಸ್ಕಾರಕ್ಕೆ ಹೋಗುವುದೆಂದರೆ ‘ಮಣ್ಣಿಗೆ ಹೋಗುವುದು’. ಇಲ್ಲಿನ ಲಿಂಗಾಯತರಲ್ಲಿ ಹೂಳುವುದೇ ರೂಢಿ. ಆದರೆ ಈ ನೆಲಕ್ಕೆ ಹೂಳುವಿಕೆ ಬಂದದ್ದು ಲಿಂಗಾಯತದಿಂದಲ್ಲ. ಕೂಡ್ಲಿಗಿಯ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬೃಹತ್ ಶಿಲಾಯುಗದ ಗೋರಿಗಳನ್ನು ಅಗೆಸಿದರು. ಚಪ್ಪಡಿಗಳನ್ನು ಪೆಟ್ಟಿಗೆಯಂತೆ ನಿಲ್ಲಿಸಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದ ಗೋರಿಗಳವು. ಒಳಗೆ ಒಬ್ಬರಿಗಿಂತ ಹೆಚ್ಚು ಜನರ ಆಯ್ದ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಹತಾರಗಳು. ಮಾಂಸ ಕರಗಿದ ಮೇಲೆ ಮೂಳೆ ಆಯ್ದು ತಂದಿಟ್ಟ ಆ ಜನ ಸಾವಿನ ಕೆಲಸವನ್ನು ಎರಡು ಸಲ ಮಾಡುತ್ತಿದ್ದರು. ಶೋಕಕ್ಕೆ ಅಲ್ಲಿ ಬೇಕಾದಷ್ಟು ಕಾಲಾವಕಾಶವಿತ್ತು.

ಲಿಂಗಾಯತ ಕ್ರಿಯಾಸಮಾಧಿ ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುತ್ತದೆ. ಶವವನ್ನು ಮೀಯಿಸಿ, ವಿಭೂತಿ ಹಚ್ಚಿ, ಕೂರಿಸಿ ಪೂಜಿಸುತ್ತಾರೆ. ಭಜನೆಯೊಂದಿಗೆ ವಿಮಾನದಲ್ಲಿ, ಅಂದರೆ ಸಿಂಗರಿಸಿದ ಚಟ್ಟದಲ್ಲಿ, ಮೆರವಣಿಗೆ ಹೊರಡುತ್ತದೆ. ಚೌಕನಾಗಿ ತೋಡಿದ ಗುಂಡಿಯ ಒಂದು ಮಗ್ಗುಲಿಗೆ ಗೂಡು ಕೊರೆದಿರುತ್ತಾರೆ. ಅದರಲ್ಲಿ ಪದ್ಮಾಸನದ ಭಂಗಿಯಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಬಿಲ್ವಪತ್ರೆ, ವಿಭೂತಿ, ಉಪ್ಪು ತುಂಬಿ ಮಣ್ಣು ಕೊಡುತ್ತಾರೆ. ಸತ್ತವರು ಮಲಗುವುದಿಲ್ಲ, ಪೂಜೆಗೆ ಕೂತಿರುತ್ತಾರೆ.

ಈ ಭಂಗಿಯಲ್ಲೇ ಆಚರಣೆಯ ದೊಡ್ಡಸ್ತಿಕೆ ಇದೆ. ವೈದಿಕ ಪದ್ಧತಿಯಲ್ಲಿ ಕೂರಿಸಿ ಹೂಳುವ ಗೌರವ ಸಂನ್ಯಾಸಿಗೆ ಮೀಸಲು, ಗೃಹಸ್ಥನಿಗೆ ಬೆಂಕಿ. ಲಿಂಗಾಯತ ಆ ಗೌರವವನ್ನು ಹೆಂಗಸು, ಒಕ್ಕಲಿಗ, ಗಾಣಿಗ ಎನ್ನದೆ ಲಿಂಗ ಕಟ್ಟಿದ ಎಲ್ಲರಿಗೂ ಕೊಟ್ಟಿತು. ಸಾವಿನ ಸೂತಕವೂ ಸೇರಿದ ಪಂಚಸೂತಕಗಳನ್ನು ಅದು ತಳ್ಳಿಹಾಕಿದ್ದರಿಂದ ಶವ ಮೈಲಿಗೆಯಲ್ಲ, ಗೋರಿಯೂ ಮೈಲಿಗೆಯಲ್ಲ. ಕೊಟ್ಟೂರಿನಲ್ಲಿ ಗುರುಬಸವೇಶ್ವರರ ಸಮಾಧಿಯೇ ಪೂಜೆಯ ಗದ್ದುಗೆಯಾಗಿ ಊರಿನ ನಡುವೆ ನಿಲ್ಲಲು ಸಾಧ್ಯವಾದದ್ದು ಇದರಿಂದಲೇ.

ಕೊರತೆ ಇರುವುದು ಶೋಕದ ಭಾಗದಲ್ಲಿ. ಸಾವನ್ನು ಲಿಂಗೈಕ್ಯವೆಂದು ಕರೆದ ತತ್ವ ಮನೆಯವರು ಎಷ್ಟು ದಿನ, ಹೇಗೆ ಅಳಬೇಕೆಂಬುದಕ್ಕೆ ಹೆಚ್ಚಿನದೇನನ್ನೂ ಹೇಳಲಿಲ್ಲ. ಯೆಹೂದ್ಯರಲ್ಲಿ ತಂದೆ-ತಾಯಿ, ಗಂಡ-ಹೆಂಡತಿ, ಒಡಹುಟ್ಟು, ಮಕ್ಕಳು ಸತ್ತರೆ ಏಳು ದಿನ ಮನೆಯಲ್ಲೇ ಕೂರುವ ನಿಯಮವಿದೆ. ನೆರೆಯವರು ಊಟ ತಂದುಕೊಡುತ್ತಾರೆ. ಅಳುವವರಿಗೆ ಧರ್ಮವೇ ಜಾಗ ಮಾಡಿಕೊಟ್ಟಿದೆ. ಇಲ್ಲಿ ಆ ಜಾಗ ಖಾಲಿ ಉಳಿದದ್ದರಿಂದ ಹಳೆಯ ಶಾಸ್ತ್ರಗಳು ಹಿತ್ತಲ ಬಾಗಿಲಿನಿಂದ ಬಂದು ಕೂತವು. ಮೂರನೇ ದಿನ ಹಾಲು-ತುಪ್ಪ, ಹನ್ನೊಂದನೇ ದಿನವೋ ಮತ್ತೊಂದು ದಿನವೋ ಶಿವಗಣಾರಾಧನೆ, ಅದಕ್ಕೆ ಊರೂಟ. ಹೆಣದ ಮುಂದೆ ಹೆಂಗಸರು ಸತ್ತವರ ಗುಣ ಎತ್ತಿ ಹಾಡಿ ಅಳುವುದು ಇವೆಲ್ಲಕ್ಕಿಂತ ಹಳೆಯದು, ಹೆಚ್ಚು ನಿಜವಾದದ್ದೂ ಹೌದು. ಹೊರಗಡೆ ನಡೆಯುವ ಭಜನೆಯ ತಾಳಕ್ಕೆ ಅದು ಕೇಳಿಸದೇ ಹೋಗುತ್ತದೆ. ಜನ ತತ್ವಕ್ಕೆ ತಪ್ಪಿದರೆಂದು ದೂರುವುದು ಸುಲಭ. ದುಃಖಕ್ಕೆ ಒಂದು ಕ್ರಮ ಬೇಕೆಂಬುದನ್ನು ತತ್ವವೇ ಮರೆತಿತ್ತು.

ಹೀಗೆ ಒಳಬಂದ ಶಾಸ್ತ್ರಗಳಲ್ಲಿ ಕ್ರೂರವಾದದ್ದು ಗಂಡ ಸತ್ತವಳ ಬಳೆ ಒಡೆದು ಕುಂಕುಮ ಅಳಿಸುವುದು. ಶವಕ್ಕೂ ಗುಂಡಿಗೂ ಅಂಟದ ಸೂತಕ ಅವಳೊಬ್ಬಳಿಗೆ ಅಂಟುತ್ತದೆ, ಅದೂ ಹನ್ನೊಂದು ದಿನಕ್ಕಲ್ಲ, ಬದುಕಿರುವವರೆಗೆ. 2022ರಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ ಈ ಪದ್ಧತಿಯ ವಿರುದ್ಧ ಠರಾವು ಮಾಡಿತು. ಸೂತಕವನ್ನೇ ನಿರಾಕರಿಸಿದವರ ಊರುಗಳಲ್ಲಿ ಇದಕ್ಕೆ ಠರಾವಿನ ಅಗತ್ಯವೇ ಇರಬಾರದಿತ್ತು.

ಸಮಾಧಿಯ ಜಾಗದ ಮಾತು ಬೇರೆ. ಹೊಲವಿದ್ದವರು ಹೊಲದ ಮೂಲೆಯಲ್ಲೇ ಹಿರಿಯರನ್ನು ಇಟ್ಟು, ಮೇಲೊಂದು ಕಟ್ಟೆ ಕಟ್ಟಿ, ಅದನ್ನು ಬಿಟ್ಟು ಸುತ್ತ ನೇಗಿಲು ಹೊಡೆಯುತ್ತಾರೆ. ಹೊಲ ಇಲ್ಲದವರಿಗೆ ಊರ ರುದ್ರಭೂಮಿಯೇ ಗತಿ. ಭಂಗಿ ಎಲ್ಲರಿಗೂ ಒಂದೇ ಆಯಿತು, ಜಾಗ ಆಗಲಿಲ್ಲ.